ಪ್ರಾಣಿ ತೋರಿಸ್ತೀನಿ ಅಂತ ಮಾತು ಕೊಡಬೇಡಿ: ಪುಟ್ಟ ಮಗುವಿನ ಜೊತೆ ಚಿಂಚೋಳಿ ಕಾಡಿಗೆ

ನನ್ನ ಮಗಳಿಗೆ ಆಗ ಮೂರೂವರೆ ವರ್ಷ. ಮಾರ್ಚ್ ತಿಂಗಳ ಒಂದು ಭಾನುವಾರ ಅವಳನ್ನು ಚಿಂಚೋಳಿ ಕಾಡಿಗೆ ಕರೆದುಕೊಂಡು ಹೋದೆವು. ಹಿಂದಿನ ರಾತ್ರಿ ಮಲಗಿಸುವಾಗ ನಾನೇ ಹೇಳಿದ್ದೆ: "ನಾಳೆ ತೋಳ ತೋರಿಸ್ತೀನಿ, ಚಿಗರಿ ತೋರಿಸ್ತೀನಿ." ಕಲಬುರಗಿ ಬಿಟ್ಟಾಗ ಒಂಬತ್ತೂವರೆ ಆಗಿತ್ತು. ತಲುಪುವಾಗ ಬಿಸಿಲು ನೆತ್ತಿಗೆ ಬಂದಿತ್ತು. ಎಲೆ ಉದುರಿದ ಮರಗಳು, ಒಂದು ಹಕ್ಕಿಯ ದನಿಯೂ ಇಲ್ಲ. ಅರ್ಧ ಗಂಟೆ ಅವಳು "ತೋಳ ಎಲ್ಲಿ ಅದ?" ಎಂದು ಕೇಳುತ್ತಲೇ ಇದ್ದಳು. ಆಮೇಲೆ ಅಳಲು ಶುರು ಮಾಡಿದಳು. ದನ ಮೇಯಿಸುತ್ತಿದ್ದ ಒಬ್ಬ ಹಿರಿಯರು ಬಂದು ನೋಡಿ ಹೇಳಿದರು: "ಬೇ ಯವ್ವಾ, ಈ ಬಿಸಿಲಾಗ ನಾವೇ ನೆಳ್ಳು ಹುಡುಕ್ತೀವಿ. ಅವು ಹ್ಯಾಂಗ ಹೊರಗ ಬರ್ತಾವ?"

ಅವತ್ತು ಮಗುವನ್ನು ಅಳಿಸಿದ್ದು ನಾನು ಕೊಟ್ಟ ಮಾತು. ಅದಾದ ಮೇಲೆ ಮೂರು ಸಲ ಹೋಗಿದ್ದೇವೆ. ತೋಳ ಇವತ್ತಿಗೂ ಕಂಡಿಲ್ಲ, ಆದರೆ ಅವಳೇ ಈಗ "ಮತ್ತ ಯಾವಾಗ?" ಎಂದು ಕೇಳುತ್ತಾಳೆ. ಎರಡರಿಂದ ಆರು ವರ್ಷದ ಮಕ್ಕಳಿರುವವರಿಗೆ ನಾವು ಕಲಿತದ್ದನ್ನು ಒಂದೊಂದಾಗಿ ಬರೆಯುತ್ತಿದ್ದೇನೆ.

ಯಾವ ಕಾಡು?

ರಾಷ್ಟ್ರೀಯ ಉದ್ಯಾನ ಅಂದ ತಕ್ಷಣ ಎಲ್ಲರಿಗೂ ಬಂಡೀಪುರ, ನಾಗರಹೊಳೆ ನೆನಪಾಗುತ್ತವೆ. ಕರ್ನಾಟಕದಲ್ಲಿರುವ ಐದು ರಾಷ್ಟ್ರೀಯ ಉದ್ಯಾನಗಳೆಂದರೆ ಬಂಡೀಪುರ, ನಾಗರಹೊಳೆ, ಬನ್ನೇರುಘಟ್ಟ, ಕುದುರೆಮುಖ ಮತ್ತು ಅಣಶಿ. ಐದೂ ನಮಗೆ ದೂರ. ಮೂರು ವರ್ಷದ ಮಗುವನ್ನು ರಾತ್ರಿಯಿಡೀ ಬಸ್ಸಿನಲ್ಲಿ ಕೂರಿಸಿ, ಬೆಳಿಗ್ಗೆ ಜೀಪಿನಲ್ಲಿ ಕುಲುಕಿಸಿ ತರುವ ಪ್ರವಾಸ ಮಗುವಿಗೆ ಸುಖ ಕೊಡುವುದಿಲ್ಲ. ಮೊದಲ ಕಾಡು ಮನೆಯಿಂದ ಎರಡು ಗಂಟೆಯ ಒಳಗಿರಲಿ.

ನಮಗೆ ಅಂಥದ್ದು ಚಿಂಚೋಳಿ ವನ್ಯಜೀವಿ ಧಾಮ. 2011ರಲ್ಲಿ ಘೋಷಣೆಯಾಯಿತು. ವಿಸ್ತೀರ್ಣ 134.88 ಚದರ ಕಿ.ಮೀ. ದಕ್ಷಿಣ ಭಾರತದ ಮೊದಲ ಒಣಭೂಮಿ ವನ್ಯಜೀವಿ ಧಾಮ ಎಂದು ಇದನ್ನು ಕರೆಯುತ್ತಾರೆ. ಕಲಬುರಗಿಯಿಂದ ಚಿಂಚೋಳಿ ಊರಿಗೆ ಸುಮಾರು 80 ಕಿ.ಮೀ. ಸುತ್ತ ಗುಡ್ಡ, ನಡುವೆ ಚಂದ್ರಂಪಳ್ಳಿ ಜಲಾಶಯ, ಅಲ್ಲಲ್ಲಿ ಲಂಬಾಣಿ ತಾಂಡಾಗಳು, ಆಚೆ ಬದಿಗೆ ತೆಲಂಗಾಣ. ತೊಗರಿ ಹೊಲಗಳನ್ನೇ ನೋಡಿ ಬೆಳೆದ ನಮ್ಮ ಮಕ್ಕಳಿಗೆ ಇಷ್ಟು ಮರ ಒಟ್ಟಿಗೆ ನೋಡುವುದೇ ದೊಡ್ಡದು.

ಮಗು ತೀರಾ ಚಿಕ್ಕದು, ನಡೆಯುವುದಿಲ್ಲ ಎನ್ನುವವರು ಯಾದಗಿರಿ ಜಿಲ್ಲೆಯ ಸುರಪುರ ತಾಲ್ಲೂಕಿನ ಬೋನಾಳ ಕೆರೆಯಿಂದ ಶುರು ಮಾಡಬಹುದು. ಚಳಿಗಾಲದಲ್ಲಿ ಅಲ್ಲಿಗೆ ವಲಸೆ ಹಕ್ಕಿಗಳು ಬರುತ್ತವೆ. ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತು ಕೂಡ ಅವುಗಳಲ್ಲಿ ಒಂದು. ನೀರುಹಕ್ಕಿಗಳು ಬಯಲಿನಲ್ಲೇ ಇರುತ್ತವೆ, ಹುಡುಕುವ ಕೆಲಸ ಇಲ್ಲ. ಬೀದರ್ ಕಡೆಯವರಿಗೆ ಊರ ಸುತ್ತಲ ಬಯಲು, ಹೊಲಗಳಲ್ಲೇ ಕೃಷ್ಣಮೃಗದ ಹಿಂಡು ಕಾಣುತ್ತದೆ. ಅವಕ್ಕೆ ಗಾಡಿಯಿಂದ ಇಳಿಯಬೇಡಿ. ಗಾಜು ಇಳಿಸಿ, ಎಂಜಿನ್ ಆರಿಸಿ, ಕೂತಲ್ಲೇ ನೋಡಿ. ಸುರುಳಿ ಕೊಂಬಿನ ಕಪ್ಪನೆಯದು ಗಂಡು, ಕೊಂಬಿಲ್ಲದ ಕಂದು ಬಣ್ಣದ್ದು ಹೆಣ್ಣು. ಇಷ್ಟು ಹೇಳಿದರೆ ಮಕ್ಕಳು ತಾವೇ ಎಣಿಸಲು ಶುರು ಮಾಡುತ್ತಾರೆ.

ಮುಂದೆ ಹೇಳುವುದೆಲ್ಲ ಚಿಂಚೋಳಿಯ ಬಗ್ಗೆ.

ಯಾವ ತಿಂಗಳು, ಎಷ್ಟು ಹೊತ್ತು?

ನವೆಂಬರ್‌ನಿಂದ ಫೆಬ್ರವರಿ ಮಧ್ಯದ ತನಕ. ಇದರಲ್ಲಿ ನಾನು ರಾಜಿ ಆಗುವುದಿಲ್ಲ. ಮಾರ್ಚ್ ಬಂತೆಂದರೆ ನಮ್ಮ ಕಡೆ ಬಿಸಿಲು ಹೇಗಿರುತ್ತದೆ ಎಂದು ನಿಮಗೇ ಗೊತ್ತು. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುತ್ತದೆ. ದೊಡ್ಡವರಿಗಿಂತ ಮಕ್ಕಳ ಮೈ ಬೇಗ ಕಾಯುತ್ತದೆ, ನೀರು ಬೇಗ ಕಡಿಮೆಯಾಗುತ್ತದೆ. ಮಳೆಗಾಲದಲ್ಲಿ ಕಾಡು ಹಸಿರಾಗಿ ಚೆಂದ ಇರುತ್ತದೆ ನಿಜ. ಆದರೆ ಹುಲ್ಲು ಮಗುವಿನ ಎದೆಯ ತನಕ ಬೆಳೆದಿರುತ್ತದೆ, ಕೆಳಗೆ ಏನಿದೆ ಎಂದು ಕಾಣುವುದಿಲ್ಲ. ಮಗುವಿಗೆ ಆರು ದಾಟಲಿ, ಆಗ ಮಳೆಗಾಲದಲ್ಲಿ ಹೋಗಿ.

ಡಿಸೆಂಬರ್‌ನಲ್ಲಿ ಸೂರ್ಯ ಹುಟ್ಟುವುದು 6.40ರ ಸುಮಾರಿಗೆ. ಏಳಕ್ಕೆ ಅಲ್ಲಿರಬೇಕು, ಅಂದರೆ ಐದಕ್ಕೆ ಮನೆ ಬಿಡಬೇಕು. ಒಳಗೆ ಇರುವುದು ಎರಡೂವರೆ ಗಂಟೆ, ಅಷ್ಟೇ. ಹತ್ತು ಗಂಟೆಗೆ ಮಗು ನೆರಳಿನಲ್ಲಿ ಕೂತು ಊಟ ಮಾಡುತ್ತಿರಬೇಕು. "ಇಷ್ಟು ದೂರ ಬಂದೀವಿ, ಇನ್ನೊಂದು ಕಡೆ ನೋಡ್ಕೊಂಡು ಹೋಗೋಣ" ಎಂದು ಜೊತೆಗಿದ್ದವರು ಹೇಳಿಯೇ ಹೇಳುತ್ತಾರೆ. ಒಪ್ಪಬೇಡಿ. ಮಗು ಇನ್ನೂ ಖುಷಿಯಾಗಿರುವಾಗಲೇ ಹೊರಟರೆ ಮುಂದಿನ ಸಲ ತಾನೇ ಓಡಿ ಬಂದು ಗಾಡಿ ಹತ್ತುತ್ತದೆ.

ಒಂದು ವಾರ ಮುಂಚೆ

ಮೊದಲು ಚಿಂಚೋಳಿಯಲ್ಲಿರುವ ಅರಣ್ಯ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿ. ವನ್ಯಜೀವಿ ಧಾಮದೊಳಗೆ ಅನುಮತಿ ಇಲ್ಲದೆ ತಿರುಗುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯೇ ಹಾಗೆ ಹೇಳುತ್ತದೆ. ಪ್ರಾಣಿಗಳನ್ನು ರೇಗಿಸುವುದು, ಕಸ ಎಸೆಯುವುದು, ಬೆಂಕಿ ಹಚ್ಚುವುದು ಎಲ್ಲವೂ ಅದೇ ಕಾಯ್ದೆಯಡಿ ತಪ್ಪು. ಯಾವ ದಾರಿ ತೆರೆದಿದೆ, ಎಲ್ಲಿ ಇಳಿಯಬಹುದು, ಜೊತೆಗೆ ಸಿಬ್ಬಂದಿ ಒಬ್ಬರು ಬರುತ್ತಾರಾ ಎಂದು ಕೇಳಿ. "ನಾಲ್ಕು ವರ್ಷದ ಮಗು ಬರ್ತದ" ಎಂದು ಮೊದಲೇ ಹೇಳಿ. ಆಗ ಏರು ಕಡಿಮೆ ಇರುವ ದಾರಿ ಸೂಚಿಸುತ್ತಾರೆ. ಉಳಿಯುವ ಯೋಚನೆ ಇದ್ದರೆ ಅದನ್ನೂ ಅಲ್ಲೇ ಕೇಳಿ. ನನ್ನ ಅನಿಸಿಕೆಯಲ್ಲಿ ಮೊದಲ ಸಲಕ್ಕೆ ರಾತ್ರಿ ಉಳಿಯುವುದು ಬೇಡ.

ಎರಡನೆಯ ತಯಾರಿ ಮಗುವಿನದ್ದು. ನಾವು ಸಂಜೆ ಮಾಳಿಗೆಯ ಮೇಲೆ ಒಂದು ಆಟ ಆಡುತ್ತಿದ್ದೆವು. ಕಣ್ಣು ಮುಚ್ಚಿಕೊಂಡು ಸುಮ್ನೆ ಕೂರುವುದು, ಒಂದೊಂದು ಸದ್ದು ಕೇಳಿದಾಗ ಒಂದೊಂದು ಬೆರಳು ಮಡಚುವುದು. ಆಟೋ, ಪಕ್ಕದ ಮನೆಯ ಕುಕ್ಕರ್, ಕಾಗೆ, ದೂರದ ರೈಲು. ಐದು ಬೆರಳು ಮಡಚುವ ತನಕ ಮಾತಿಲ್ಲ. ನಾಲ್ಕೇ ದಿನದಲ್ಲಿ ಅವಳಿಗೆ ಇದು ಎಷ್ಟು ಹಿಡಿಸಿತೆಂದರೆ ಊಟಕ್ಕೆ ಕೂತಾಗಲೂ ಬೆರಳು ಮಡಚುತ್ತಿದ್ದಳು. ಕಾಡಿನಲ್ಲಿ "ಸುಮ್ನಿರು, ಗದ್ದಲ ಮಾಡಬ್ಯಾಡ" ಎಂದು ಗದರಿದರೆ ಯಾವ ಮಗುವೂ ಕೇಳುವುದಿಲ್ಲ. "ಬೆರಳಾಟ ಆಡೋಣ" ಎಂದರೆ ತಾನೇ ಸುಮ್ಮನಾಗುತ್ತದೆ.

ಮೂರನೆಯದು, ಕಲಬುರಗಿ ಊರೊಳಗಿನ ಅಪ್ಪನ ಕೆರೆಯ ಸುತ್ತ ಬೆಳಿಗ್ಗೆ ಒಂದು ಸಲ ನಡೆಸಿ ನೋಡಿ. ಹೊಸ ಬೂಟು ಕಚ್ಚುತ್ತದಾ, ಎಷ್ಟು ಹೊತ್ತಿಗೆ "ಎತ್ಕೋ" ಎನ್ನುತ್ತದೆ, ಎಷ್ಟು ಸಲ ನೀರು ಕೇಳುತ್ತದೆ ಎಂದು ಗೊತ್ತಾಗುತ್ತದೆ. ಅಲ್ಲಿ ಇಪ್ಪತ್ತು ನಿಮಿಷ ನಡೆದ ಮಗು ಕಾಡಿನ ಏರುದಾರಿಯಲ್ಲಿ ಹತ್ತು ನಿಮಿಷ ನಡೆದೀತು. ಅದಕ್ಕೆ ತಕ್ಕ ಹಾಗೆ ದಾರಿ ಗೊತ್ತು ಮಾಡಿಕೊಳ್ಳಿ.

ಇನ್ನು ಮಾತಿನ ವಿಷಯ. ಯಾವ ಪ್ರಾಣಿಯ ಹೆಸರನ್ನೂ "ತೋರಿಸ್ತೀನಿ" ಎಂಬ ಪದದ ಜೊತೆ ಸೇರಿಸಬೇಡಿ. ಮೃಗಾಲಯ ನೋಡಿದ ಮಗು, ಮೊಬೈಲಿನಲ್ಲಿ ಹುಲಿಯ ವಿಡಿಯೊ ನೋಡಿದ ಮಗು, ಕಾಡೆಂದರೆ ಪ್ರಾಣಿಗಳು ಸಾಲಾಗಿ ನಿಂತಿರುತ್ತವೆ ಎಂದುಕೊಂಡಿರುತ್ತದೆ. ನಾವು ಎರಡನೆಯ ಸಲ ಹೇಳಿದ್ದು ಬೇರೆ ಥರ: "ಕಾಡು ಅವರ ಮನೀ. ನಾವು ಅವರ ಮನಿಗೆ ಹೋಗ್ತೀವಿ. ಅವರು ಒಳಗ ಮಲಗಿರಬಹುದು. ಅಂಗಳದಾಗ ಏನೇನು ಬಿಟ್ಟು ಹೋಗ್ಯಾರ ನೋಡಿ ಬರೋಣ." ಮಗಳು ಕೂಡಲೇ ಕೇಳಿದಳು, "ಚಪ್ಪಲಿ ಬಿಟ್ಟಿರ್ತಾವ?" ಇಲ್ಲ, ಹೆಜ್ಜೆ ಬಿಟ್ಟಿರುತ್ತವೆ ಎಂದೆ. ಅಲ್ಲಿಂದ ಅವಳು ಹೆಜ್ಜೆ ಹುಡುಕುವ ಹುಡುಗಿ.

ಚೀಲದಲ್ಲಿ ಏನಿರಬೇಕು?

ಪೂರ್ತಿ ತೋಳಿನ ಹತ್ತಿ ಅಂಗಿ, ಉದ್ದ ಪ್ಯಾಂಟು, ಕಾಲುಚೀಲ, ಮುಚ್ಚಿದ ಬೂಟು. ಬಣ್ಣ ಮಾಸಲು ಇರಲಿ. ಗೆಜ್ಜೆ, ಪೀಪಿ ಬೂಟು ಬೇಡವೇ ಬೇಡ. ಬೆಳಗಿನ ಚಳಿಗೆ ಸ್ವೆಟರ್ ಮತ್ತು ಕುಲಾಯಿ, ಒಂಬತ್ತರ ನಂತರ ಅಗಲ ಅಂಚಿನ ಟೋಪಿ. ಒಂದು ಜೊತೆ ಬಟ್ಟೆ ಜಾಸ್ತಿ.

ಊಟಕ್ಕೆ ನಮ್ಮ ಕಡೆಯ ಬುತ್ತಿಗಿಂತ ಒಳ್ಳೆಯದು ಏನೂ ಇಲ್ಲ. ದೊಡ್ಡವರಿಗೆ ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಮೊಸರು. ಮಗುವಿಗೆ ಮೊಸರನ್ನ, ಶೇಂಗಾ ಹೋಳಿಗೆ, ಕಮಲಾಪುರದ ಕೆಂಪು ಬಾಳೆಹಣ್ಣು. ಎಲ್ಲವನ್ನೂ ಮುಚ್ಚಳ ಗಟ್ಟಿ ಇರುವ ಸ್ಟೀಲ್ ಡಬ್ಬಿಯಲ್ಲಿ ಹಾಕಿ. ಇಡೀ ಶೇಂಗಾ ಬೀಜ, ಪುಟಾಣಿ, ಚಾಕಲೇಟ್ ಗೋಲಿ ಇವನ್ನು ಐದು ವರ್ಷದೊಳಗಿನ ಮಗುವಿಗೆ ಕೊಡಬೇಡಿ, ಅದರಲ್ಲೂ ಗಾಡಿ ಓಡುವಾಗ. ಕುಲುಕಿದಾಗ ಗಂಟಲಲ್ಲಿ ಸಿಕ್ಕಿಕೊಂಡರೆ ಹತ್ತಿರ ಆಸ್ಪತ್ರೆ ಇರುವುದಿಲ್ಲ.

ನೀರು ಮಗು ಒಂದಕ್ಕೇ ಎರಡು ಲೀಟರ್. ಕುಡಿಯಲು, ತೊಳೆಯಲು ಎಲ್ಲಾ ಸೇರಿ. ಜೊತೆಗೆ ಓಆರ್‌ಎಸ್ ಪೊಟ್ಟಣ. ಎಷ್ಟು ನೀರಿಗೆ ಹಾಕಬೇಕೆಂದು ಪೊಟ್ಟಣದ ಮೇಲೆ ಬರೆದಿರುತ್ತದೆ, ಅಷ್ಟಕ್ಕೇ ಹಾಕಿ. ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ ಆರು ಸಮ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಚಮಚ ಅಂದರೆ ಟೀ ಚಮಚ. ಉಪ್ಪು ಇದಕ್ಕಿಂತ ಹೆಚ್ಚಾಗಬಾರದು.

ಮತ್ತೆ ಒಂದು ಸೀಟಿ, ದಾರದಲ್ಲಿ ಮಗುವಿನ ಕುತ್ತಿಗೆಗೆ. ದಾರ ಎಳೆದರೆ ಕಿತ್ತುಬರುವಷ್ಟು ತೆಳ್ಳಗಿರಲಿ. ಜೇಬಿನಲ್ಲಿ ನಿಮ್ಮ ಫೋನ್ ನಂಬರ್ ಬರೆದ ಚೀಟಿ. ಒಂದು ರಟ್ಟಿನ ಕೊಳವೆ. ದುರ್ಬೀನು ಇಷ್ಟು ಚಿಕ್ಕ ಮಕ್ಕಳ ಕಣ್ಣಿಗೆ ಹೊಂದುವುದಿಲ್ಲ. ಕೊಳವೆಯಲ್ಲಿ ನೋಡಿದರೆ ಸುತ್ತಲಿನದೆಲ್ಲ ಮರೆಯಾಗಿ, ನೀವು ಬೆರಳು ಮಾಡಿದ ಕೊಂಬೆಯ ಮೇಲೆ ಕಣ್ಣು ನಿಲ್ಲುತ್ತದೆ. ಕಸಕ್ಕೆ ಒಂದು ಖಾಲಿ ಚೀಲ ಮರೆಯಬೇಡಿ.

ಹೊರಡುವ ಬೆಳಿಗ್ಗೆ

ಮಗುವನ್ನು ಎಬ್ಬಿಸಿ ಸ್ನಾನ ಮಾಡಿಸಲು ಹೋಗಬೇಡಿ. ರಾತ್ರಿಯೇ ಪ್ಯಾಂಟು ಅಂಗಿ ತೊಡಿಸಿ ಮಲಗಿಸಿ, ಐದಕ್ಕೆ ಹಾಗೇ ಎತ್ತಿ ಗಾಡಿಯಲ್ಲಿ ಮಲಗಿಸಿ. ಚಿಂಚೋಳಿಯಲ್ಲಿ ಎಬ್ಬಿಸಿ, ಮುಖ ತೊಳೆಸಿ, ಬಿಸಿ ಹಾಲು ಕುಡಿಸಿ, ಒಂದಕ್ಕೆ ಎರಡಕ್ಕೆ ಮುಗಿಸಿಕೊಂಡೇ ಮುಂದೆ ಹೋಗಿ. ಕಾಡಿನೊಳಗೆ ಇದಕ್ಕೆ ಜಾಗ ಹುಡುಕುವುದು ಕಷ್ಟ. ಪೆಟ್ರೋಲ್ ಕೂಡ ಊರಲ್ಲೇ ತುಂಬಿಸಿ. ಒಳಗೆ ಫೋನ್ ಸಿಗ್ನಲ್ ಹೋಗಬಹುದು, ಆದ್ದರಿಂದ ಎಷ್ಟು ಗಂಟೆಗೆ ವಾಪಸ್ ಬರುತ್ತೀರಿ ಎಂದು ಮನೆಯಲ್ಲೊಬ್ಬರಿಗೆ ಹೇಳಿಟ್ಟಿರಿ.

ಬೆಳಕು ಬಿಟ್ಟ ಮೇಲೆ ಮಗು ಎದ್ದಿದ್ದರೆ ದಾರಿಯ ವಿದ್ಯುತ್ ತಂತಿ ನೋಡುತ್ತಿರಲು ಹೇಳಿ. ರೆಕ್ಕೆ ಬಿಚ್ಚಿದಾಗ ನೀಲಿ ಹೊಳೆಯುವ ನೀಲಕಂಠ ಅಲ್ಲೇ ಕೂತಿರುತ್ತದೆ. ಅದು ನಮ್ಮ ರಾಜ್ಯದ ಹಕ್ಕಿ. ಗಡಿಯಾಚೆ ತೆಲಂಗಾಣದಲ್ಲಿ ಪಾಲಪಿಟ್ಟ ಎನ್ನುತ್ತಾರೆ, ದಸರಾ ದಿನ ಅದನ್ನು ನೋಡಿದರೆ ಒಳ್ಳೆಯದಾಗುತ್ತದೆ ಎಂಬ ನಂಬಿಕೆ ಅವರಲ್ಲಿದೆ. ಸಾಲಾಗಿ ಕೂತ ಕವಲು ಬಾಲದ ಕರಿ ಹಕ್ಕಿ ಕಾಜಾಣ.

ಕಾಡಿನೊಳಗೆ: ನೆಲ ನೋಡಿ

ಒಳಗೆ ಹೋದ ಮೇಲೆ ಹಾರ್ನ್ ಇಲ್ಲ, ಹಾಡಿಲ್ಲ. ಸಿಬ್ಬಂದಿ ಇಳಿಯಬಹುದು ಎಂದ ಕಡೆ ಮಾತ್ರ ಇಳಿಯಿರಿ. ನಡೆಯುವಾಗ ಒಬ್ಬ ದೊಡ್ಡವರು ಮುಂದೆ, ನಡುವೆ ಮಗು, ಹಿಂದೆ ಇನ್ನೊಬ್ಬರು. ಮಗುವೇ ಮುಂದೆ ಓಡುವ ಹಾಗಿಲ್ಲ. ಈ ಒಂದು ನಿಯಮ ಮನೆಯಲ್ಲೇ ಹೇಳಿರಬೇಕು, ಅಲ್ಲಿ ಹೋಗಿ ಕಲಿಸಲು ಆಗುವುದಿಲ್ಲ.

ಚಿಂಚೋಳಿಯ ಕಾಡಿನಲ್ಲಿ ತೋಳ, ಕತ್ತೆಕಿರುಬ, ನರಿ, ಕೃಷ್ಣಮೃಗ, ಕೊಂಡುಕುರಿ ಇವೆ. ಬಹಳಷ್ಟು ರಾತ್ರಿ ಓಡಾಡುವಂಥವು, ಉಳಿದವು ನಾಚುವಂಥವು. ಆದರೆ ಎಲ್ಲವೂ ಗುರುತು ಬಿಟ್ಟಿರುತ್ತವೆ. ನಮ್ಮ ಕಣ್ಣು ದೂರದ ಪೊದೆಯಲ್ಲಿರುತ್ತದೆ. ಮಗುವಿನ ಕಣ್ಣು ನೆಲಕ್ಕೆ ಹತ್ತಿರ ಇರುತ್ತದೆ. ಹಾಗಾಗಿ ಗುರುತು ಹುಡುಕುವುದರಲ್ಲಿ ಮಕ್ಕಳೇ ನಮಗಿಂತ ಚುರುಕು. ನಮ್ಮ ಎರಡನೆಯ ಪ್ರವಾಸದಲ್ಲಿ ಮೊದಲ ಹೆಜ್ಜೆ ಕಂಡುಹಿಡಿದದ್ದು ಅವಳೇ.

ಹೆಜ್ಜೆ ಸಿಕ್ಕರೆ ಹೀಗೆ ನೋಡಿ. ದಾರಿಯ ಮೆದು ಧೂಳಿನಲ್ಲಿ, ಹಳ್ಳದ ಒದ್ದೆ ಮರಳಿನಲ್ಲಿ ಚೆನ್ನಾಗಿ ಮೂಡಿರುತ್ತವೆ. ನಾಲ್ಕು ಬೆರಳಿನ ಮುಂದೆ ಉಗುರಿನ ಚುಕ್ಕಿ ಕಂಡರೆ ನಾಯಿ, ನರಿ, ತೋಳದ ಜಾತಿ. ಕತ್ತೆಕಿರುಬಕ್ಕೂ ಉಗುರು ಮೂಡುತ್ತದೆ. ಬೆಕ್ಕಿನ ಜಾತಿ ನಡೆಯುವಾಗ ಉಗುರು ಒಳಗೆ ಎಳೆದುಕೊಳ್ಳುತ್ತದೆ, ಚುಕ್ಕಿ ಇರುವುದಿಲ್ಲ. ಎರಡು ಸೀಳಿನ ಗೊರಸು ಇದ್ದರೆ ಜಿಂಕೆ ಬಳಗ, ಹಂದಿ, ಇಲ್ಲವೇ ತಾಂಡಾದ ಕುರಿ ಮೇಕೆ. ಹೆಜ್ಜೆಯ ಪಕ್ಕ ಮಗುವಿನ ಅಂಗೈ ಇಡಿಸಿ ನೋಡಿ, ಯಾವುದು ದೊಡ್ಡದು ಎಂದು ಕೇಳಿ.

ಮಕ್ಕಳಿಗೆ ಬಹಳ ಖುಷಿ ಕೊಡುವುದು ಹಿಕ್ಕೆ ಮತ್ತು ಲದ್ದಿ. ಕತ್ತೆಕಿರುಬ ಎಲುಬನ್ನೂ ಅಗಿದು ತಿನ್ನುತ್ತದೆ, ಅದಕ್ಕೇ ಅದರ ಲದ್ದಿ ಒಣಗಿದ ಮೇಲೆ ಸುಣ್ಣದ ಹಾಗೆ ಬಿಳಿ. ತೋಳದ ಲದ್ದಿಯಲ್ಲಿ ಕೂದಲು ಇರುತ್ತದೆ. ನಾಲ್ಕು ಕೊಂಬಿನ ಕೊಂಡುಕುರಿ ದಿನವೂ ಒಂದೇ ಜಾಗಕ್ಕೆ ಬಂದು ಹಿಕ್ಕೆ ಹಾಕುತ್ತದೆ, ಅಲ್ಲಿ ಸಣ್ಣ ರಾಶಿ ಆಗಿರುತ್ತದೆ. "ಅದಕ್ಕೂ ಪಾಯಖಾನಿ ಅದ!" ಎಂದು ನನ್ನ ಮಗಳು ಎರಡು ದಿನ ಎಲ್ಲರಿಗೂ ಹೇಳಿದಳು. ಯಾವುದನ್ನೂ ಕೈಯಲ್ಲಿ ಮುಟ್ಟಿಸಬೇಡಿ. ಹೊರಗಿನಿಂದ ನೋಡುವುದು, ಕಡ್ಡಿಯೂ ಬೇಡ.

ಒಣ ಮಣ್ಣಿನಲ್ಲಿ ಚಿಕ್ಕ ಆಲಿಕೆಯಂಥ ಗುಳಿಗಳು ಕಂಡರೆ ಕೂತುಬಿಡಿ. ಗುಳಿಯ ತಳದಲ್ಲಿ ಒಂದು ಹುಳ ಮಣ್ಣಿನೊಳಗೆ ಅಡಗಿ ಇರುವೆಗಾಗಿ ಕಾಯುತ್ತಿರುತ್ತದೆ. ಇರುವೆ ಜಾರಿ ಬಿದ್ದರೆ ಹುಳ ಕೆಳಗಿನಿಂದ ಮಣ್ಣು ಎರಚುತ್ತದೆ. ನಾವು ಒಂದು ಗುಳಿಯ ಮುಂದೆ ಇಪ್ಪತ್ತೈದು ನಿಮಿಷ ಕೂತಿದ್ದೇವೆ. ನಮ್ಮ ಮನೆಯವರಿಗೆ ಮುಂದೆ ಹೋಗುವ ಆತುರ, ಅವಳಿಗೆ ಏಳುವ ಮನಸ್ಸಿಲ್ಲ. ಕೊನೆಗೆ ಅವರೂ ಮೊಣಕಾಲೂರಿ ಕೂತರು. ಮಗು ನಿಂತ ಕಡೆ ನೀವೂ ನಿಲ್ಲಿ. ಅವತ್ತು ನಾವು ನಡೆದದ್ದು ಅರ್ಧ ಕಿಲೋಮೀಟರ್ ಕೂಡ ಇಲ್ಲ.

ಮರಗಳನ್ನು ಬಿಡಬೇಡಿ. ಸಾಗವಾನಿಯ ಬಿದ್ದ ಎಲೆ ಮಗುವಿನ ಮುಖವನ್ನು ಪೂರ್ತಿ ಮುಚ್ಚುತ್ತದೆ. ಮುತ್ತಲ ಎಲೆ ಮೂರು ಮೂರು ಸೇರಿಯೇ ಇರುತ್ತದೆ, ಊಟದ ಪತ್ರಾವಳಿ ಅದರದ್ದೇ ಎಂದು ಹೇಳಿ. ಫೆಬ್ರವರಿಯಲ್ಲಿ ಹೋದರೆ ಮುತ್ತಲ ಹೂ ಬೆಂಕಿಯ ಬಣ್ಣಕ್ಕೆ ಅರಳಲು ಶುರುವಾಗಿರುತ್ತದೆ. ಗೌಜಲಕ್ಕಿಯ ಕೂಗು ಪೊದೆಯೊಳಗಿಂದ ಕೇಳುತ್ತದೆ, ಆಗ ಬೆರಳಾಟಕ್ಕೆ ಕೂತುಬಿಡಿ. ಹೂ, ಕಾಯಿ, ಗರಿ ಯಾವುದನ್ನೂ ಕಿತ್ತು ಅಥವಾ ಎತ್ತಿಕೊಂಡು ಬರುವ ಹಾಗಿಲ್ಲ. ನವಿಲುಗರಿ ಬಿದ್ದಿದ್ದರೂ ಅಲ್ಲೇ ಇರಲಿ. ಇದು ಮಗುವಿಗೆ ಬೇಸರ ಆಗುತ್ತದೆ. ಫೋಟೊ ತೆಗೆದು, ಮನೆಗೆ ಬಂದು ಚಿತ್ರ ಬಿಡಿಸೋಣ ಎಂದರೆ ಸಮಾಧಾನ.

ಎಲ್ಲಿ ಜಾಗ್ರತೆ?

ಚಂದ್ರಂಪಳ್ಳಿಯ ದಂಡೆಯಲ್ಲಿ ಮಗುವಿನ ಕೈ ಬಿಡಬೇಡಿ. ನೀರು ಇಳಿದ ಕಡೆ ಮೇಲೆ ಒಣಗಿದಂತೆ ಕಂಡರೂ ಕೆಳಗೆ ಕೆಸರು ಇರುತ್ತದೆ. ನೀರಿಗೆ ಇಳಿಸುವುದಂತೂ ಬೇಡ. ಚಿಂಚೋಳಿ ಅಂದರೆ ಎತ್ತಿಪೋತ ಜಲಪಾತ ನೋಡಲೇಬೇಕು ಎನ್ನುವವರು ಇದ್ದಾರೆ. ಚೆಂದದ ಜಾಗ. ಆದರೆ ನೀರು ಚೆನ್ನಾಗಿರುವಾಗ ಬಂಡೆ ಜಾರುತ್ತದೆ. ಐದು ವರ್ಷದೊಳಗಿನ ಮಗುವಿನ ಜೊತೆ ನಾನು ಹೋಗುವುದಿಲ್ಲ.

ಮಂಗಗಳಿಗೆ ತಿನ್ನಲು ಕೊಡಬೇಡಿ. ಅವು ಪ್ಲಾಸ್ಟಿಕ್ ಚೀಲದ ಸದ್ದು ಗುರುತಿಸುತ್ತವೆ, ಮಗುವಿನ ಕೈ ಅವಕ್ಕೆ ಸುಲಭ. ಮಂಗ ಇರುವ ಕಡೆ ಊಟ ಗಾಡಿಯೊಳಗೇ ಮಾಡಿಸಿ. ಮಂಗ ಅಥವಾ ನಾಯಿ ಪರಚಿದರೆ, ಕಚ್ಚಿದರೆ ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು, ಅವತ್ತೇ ಆಸ್ಪತ್ರೆಗೆ ಹೋಗಿ ರೇಬಿಸ್ ಲಸಿಕೆ ಹಾಕಿಸಿ. ಚಿಕ್ಕ ಗೀರು ಎಂದು ಬಿಡಬೇಡಿ.

ಕಲ್ಲು ಎತ್ತಿ ನೋಡುವುದು, ಬಿಲಕ್ಕೆ ಕೈ ಹಾಕುವುದು ಮಕ್ಕಳ ಗುಣ. ಅದಕ್ಕೇ "ಕಲ್ಲು ಅವರ ಮನೀ ಬಾಗಿಲ, ತೆಗೀಬಾರದು" ಎಂದು ಹೇಳಿಕೊಟ್ಟಿದ್ದೇವೆ. ಹಾವು ಕಚ್ಚಿದರೆ ಕೊಯ್ಯುವುದು, ಹೀರುವುದು, ಬಿಗಿಯಾಗಿ ಕಟ್ಟುವುದು ಯಾವುದೂ ಮಾಡಬಾರದು. ಮಗುವನ್ನು ನಡೆಸದೆ, ಕಚ್ಚಿದ ಕೈ ಅಥವಾ ಕಾಲು ಅಲುಗಾಡದಂತೆ ಎತ್ತಿಕೊಂಡು ನೇರ ಆಸ್ಪತ್ರೆಗೆ. ಬಳೆ, ಕಾಲ್ಗಡಗ ತೆಗೆಯಿರಿ. ಸಿಗ್ನಲ್ ಇದ್ದರೆ 108ಕ್ಕೆ ಫೋನ್ ಮಾಡಿ, ಇಲ್ಲದಿದ್ದರೆ ಕಾಯುತ್ತಾ ನಿಲ್ಲದೆ ನಿಮ್ಮ ಗಾಡಿಯಲ್ಲೇ ಹೊರಡಿ. ಮಂತ್ರ ಹಾಕಿಸಲು ನಿಲ್ಲಬೇಡಿ. ಔಷಧ ಇರುವುದು ಆಸ್ಪತ್ರೆಯಲ್ಲಿ ಮಾತ್ರ.

ಒಂದು ವೇಳೆ ತಪ್ಪಿಸಿಕೊಂಡರೆ ಏನು ಮಾಡಬೇಕು? "ಹತ್ತಿರದ ಮರ ತಬ್ಬಿಕೊಂಡು ನಿಲ್ಲು, ಸೀಟಿ ಊದು, ಅವ್ವ ಅಲ್ಲಿಗೇ ಬರ್ತಾಳ." ಇದನ್ನು ಮನೆಯಲ್ಲಿ, ಅಪ್ಪನ ಕೆರೆಯ ಹತ್ತಿರ ಎರಡು ಮೂರು ಸಲ ಆಡಿಸಿ. ಹುಡುಕುತ್ತಾ ಓಡುವ ಮಗುವಿಗಿಂತ ನಿಂತ ಮಗು ಬೇಗ ಸಿಗುತ್ತದೆ.

ಮನೆಗೆ ಬಂದ ಮೇಲೆ

ಬೂಟು ಹೊರಗೇ ಜಾಡಿಸಿ. ಬಟ್ಟೆ ಬಿಸಿನೀರಿನಲ್ಲಿ ಬೇರೆ ತೊಳೆಯಿರಿ. ಸ್ನಾನ ಮಾಡಿಸುವಾಗ ಉಣ್ಣಿ ಹತ್ತಿದೆಯಾ ಎಂದು ಕಿವಿಯ ಹಿಂದೆ, ಕಂಕುಳು, ತೊಡೆ ಸಂದು, ಕೂದಲ ಬುಡ ನೋಡಿ. ಕಚ್ಚಿಕೊಂಡಿದ್ದರೆ ಚಿಮಟದಿಂದ ಚರ್ಮಕ್ಕೆ ತಾಗುವಷ್ಟು ಹತ್ತಿರ ಹಿಡಿದು ನಿಧಾನಕ್ಕೆ ನೇರವಾಗಿ ಎಳೆಯಿರಿ. ಸುಡುವುದು, ಎಣ್ಣೆ ಹಾಕುವುದು ಬೇಡ. ಮುಂದಿನ ಎರಡು ಮೂರು ವಾರದಲ್ಲಿ ಜ್ವರ ಬಂದರೆ, ಯಾವ ದಿನ ಕಾಡಿಗೆ ಹೋಗಿದ್ದಿರಿ ಎಂದು ಡಾಕ್ಟರಿಗೆ ನೀವೇ ಹೇಳಿ. ಅವರು ಕೇಳಲಿ ಎಂದು ಕಾಯಬೇಡಿ.

ಸಂಜೆ ಅಜ್ಜಿಗೆ, ಪಕ್ಕದ ಮನೆಯವರಿಗೆ ಕಾಡಿನ ಸುದ್ದಿ ಹೇಳುವ ಕೆಲಸ ಮಗುವಿಗೇ ಬಿಡಿ. ತಪ್ಪು ಹೇಳಿದರೆ ನಡುವೆ ತಿದ್ದಬೇಡಿ. ನಮ್ಮತ್ತೆ "ಏನು ಪ್ರಾಣಿ ನೋಡಿದಿ?" ಎಂದು ಕೇಳಿದಾಗ ಮಗಳು ಮಣ್ಣಿನ ಗುಳಿಯ ಹುಳದ ಕಥೆ ಹೇಳಿದಳು. ಮರುದಿನ ಇಬ್ಬರೂ ನಮ್ಮ ಹಿತ್ತಲಿನ ಗೋಡೆಯ ಬುಡದಲ್ಲಿ ಅಂಥದೇ ಎರಡು ಗುಳಿ ಕಂಡುಹಿಡಿದರು.